ಬಣ್ಣ ಕೊನೆಯಲ್ಲಿ ಬರುವ ಪರದೆ

ಪರದೆಯ ತುಂಬ ಲಂಬವಾದ ಗೆರೆಗಳಿದ್ದವು. ಕೂದಲೆಳೆಯಷ್ಟು ತೆಳ್ಳಗಿನ, ಮಾಸಿದ ಕಿತ್ತಳೆ ಬಣ್ಣದ, ಸರಿಸಮನಾದ ಅಂತರದಲ್ಲಿ ಮೇಲಿನಿಂದ ಕೆಳಗಿನವರೆಗೆ ನಿಂತಿದ್ದ ಗೆರೆಗಳು. ಅವನ್ನು ಎಣಿಸಲು ನನಗೆ ಎರಡು ಸಂಜೆ ಬೇಕಾಯಿತು, ಏಕೆಂದರೆ ಮೂವತ್ತರ ಆಸುಪಾಸಿಗೆ ಬರುವಷ್ಟರಲ್ಲಿ ಕಣ್ಣು ತಪ್ಪಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಕೊನೆಗೆ ಗಾಜಿನ ಕೆಳಅಂಚಿಗೆ ಕಾಗದದ ಪಟ್ಟಿಯೊಂದನ್ನು ಅಂಟಿಸಿ, ಒಂದೊಂದು ಗೆರೆಯ ಬುಡಕ್ಕೂ ಪೆನ್ಸಿಲಿನಿಂದ ಗುರುತು ಹಾಕಿಕೊಂಡು, ಪಟ್ಟಿಯನ್ನು ಮೇಜಿನ ಮೇಲೆ ಹರಡಿ ಎಣಿಸಿದೆ. ಅರವತ್ತನಾಲ್ಕು ಇದ್ದವು. ರೋಗ ಯಾವುದೆಂದು ಆ ಸಂಖ್ಯೆಯೇ ಹೇಳಿತು. ಆದರೆ ಅದು ಹೇಗೆಂದು ತಿಳಿಸುವ ಮೊದಲು ಈ ಯಂತ್ರ ಯಾವ ಜಾತಿಯದು ಎಂಬುದನ್ನು ವಿವರಿಸಬೇಕು.

ಇದು 1980ರ ದಶಕದ ಮೊದಲ ವರ್ಷಗಳ ಬಣ್ಣದ ಗ್ರಾಫಿಕ್ಸ್ ಟರ್ಮಿನಲ್. ಕಚೇರಿಯೊಂದು ಖಾಲಿಯಾಗುವಾಗ ಗುಜರಿಗೆ ಹೋಗಬೇಕಿದ್ದದ್ದು ನನ್ನ ಪಾಲಿಗೆ ಬಂತು. ತಯಾರಕರ ಹೆಸರು ಬೇಡ, ಇದರಂಥವು ಆಗ ಹಲವು ಇದ್ದವು. ಹತ್ತೊಂಬತ್ತು ಇಂಚಿನ ಚಿತ್ರನಳಿಗೆ, ಮೇಜಿನ ಕೆಳಗೆ ಕೂರುವ ಪೆಟ್ಟಿಗೆಯಲ್ಲಿ ಸಾಲಾಗಿ ನಿಂತ ಸರ್ಕ್ಯೂಟ್ ಬೋರ್ಡುಗಳು, ಬದಿಯಲ್ಲಿ ಎರಡು ಹಲ್ಲುಗಾಲಿಗಳಿರುವ ಭಾರವಾದ ಕೀಲಿಮಣೆ. ಒಂದು ಗಾಲಿಯನ್ನು ಹೆಬ್ಬೆರಳಿನಿಂದ ತಿರುಗಿಸಿದರೆ ಪರದೆಯ ಮೇಲೆ ಜಾಗ ತೋರಿಸುವ ಅಡ್ಡಗೂಟದ ಗುರುತು ಎಡಬಲಕ್ಕೂ, ಇನ್ನೊಂದನ್ನು ತಿರುಗಿಸಿದರೆ ಮೇಲೆಕೆಳಕ್ಕೂ ಸರಿಯುತ್ತದೆ. ಪರದೆಯಲ್ಲಿ ಅಡ್ಡಕ್ಕೆ 1280, ಉದ್ದಕ್ಕೆ 1024 ಬಿಂದುಗಳು. ಒಂದು ಹೊತ್ತಿಗೆ 256 ಬಣ್ಣಗಳು, ಅವನ್ನು ಆರಿಸಿಕೊಳ್ಳಲು ಇರುವ ಭಂಡಾರದಲ್ಲಿ 1,67,77,216 ಬಣ್ಣಗಳು. 1981ರಲ್ಲಿ ಮಾರುಕಟ್ಟೆಗೆ ಬಂದ ಐಬಿಎಂ ಪಿಸಿ ತನ್ನ ಬಣ್ಣದ ಕಾರ್ಡಿನಲ್ಲಿ 320 ಅಡ್ಡ, 200 ಉದ್ದದ ಬಿಂದುಗಳನ್ನು ನಾಲ್ಕೇ ಬಣ್ಣಗಳಲ್ಲಿ ತೋರಿಸುತ್ತಿತ್ತು ಎಂಬುದನ್ನು ನೆನೆದರೆ, ಇದು ಯಾರ ಮೇಜಿನ ಮೇಲೆ ಕೂರಲು ಹುಟ್ಟಿದ್ದೆಂದು ಊಹಿಸಬಹುದು.

ಇಷ್ಟೆಲ್ಲ ಇದ್ದೂ ಇದು ಕಂಪ್ಯೂಟರ್ ಅಲ್ಲ. ಒಳಗೆ ಪ್ರೊಸೆಸರ್ ಇದೆ, ಮೆಮೊರಿ ಇದೆ, ಆದರೆ ತನ್ನಷ್ಟಕ್ಕೆ ತಾನು ಮಾಡುವ ಕೆಲಸವೇನೂ ಇಲ್ಲ. ಎಲ್ಲೋ ಇನ್ನೊಂದು ಕೋಣೆಯಲ್ಲಿರುವ ಕಂಪ್ಯೂಟರಿನಿಂದ ಒಂದು ಸರಣಿ ತಂತಿಯಲ್ಲಿ ಬರುವ ಅಕ್ಷರಗಳನ್ನು ಓದಿ, ಅವು ಹೇಳಿದಂತೆ ಚಿತ್ರ ಬರೆಯುವುದು ಮಾತ್ರ ಇದರ ಧರ್ಮ. ಆ ತಂತಿ ಬಡವರ ಮನೆಯ ಬಾಗಿಲಿನಷ್ಟೇ ಕಿರಿದು. 9600 ಬಾಡ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್‌ಗಳಂತೆ, ಆದಿ ಅಂತ್ಯಗಳ ಗುರುತೂ ಸೇರಿ ಅಕ್ಷರಕ್ಕೆ ಹತ್ತು ಬಿಟ್ ಹಿಡಿದರೆ, ಸೆಕೆಂಡಿಗೆ 960 ಅಕ್ಷರಗಳು ಹಾಯುತ್ತವೆ. ಬಿಂದುವಿಗೊಂದು ಅಕ್ಷರದಂತೆ ಇಡೀ ಪರದೆಯನ್ನು ಕಳಿಸಲು ಹೊರಟರೆ 13,10,720 ಅಕ್ಷರಗಳು ಬೇಕು. ಅಂದರೆ ಒಂದು ಚಿತ್ರಕ್ಕೆ 22 ನಿಮಿಷ 45 ಸೆಕೆಂಡು. ಈ ಯಂತ್ರದ ವಿನ್ಯಾಸದಲ್ಲಿ ಜಾಣತನ ಎಂದು ನನಗೆ ಕಂಡದ್ದರಲ್ಲಿ ಬಹುಪಾಲು ಈ ಒಂದು ಲೆಕ್ಕದಿಂದ ಪಾರಾಗಲು ಹೂಡಿದ ಉಪಾಯವೇ ಆಗಿದೆ.

ಉಪಾಯದ ಮೊದಲ ಅರ್ಧ ಬಣ್ಣಕ್ಕಿಂತ ಹಳೆಯದು. ಅಮೆರಿಕದ ಆರೆಗಾನ್ ರಾಜ್ಯದ ಟೆಕ್ಟ್ರಾನಿಕ್ಸ್ ಕಂಪನಿ 1972ರಲ್ಲಿ 4010 ಎಂಬ ಟರ್ಮಿನಲ್ ತಂದಿತು. ಅದರ ಹಸಿರು ಪರದೆಗೆ ಚಿತ್ರವನ್ನು ನೆನಪಿಡುವ ಮೆಮೊರಿಯೇ ಬೇಕಿರಲಿಲ್ಲ, ಏಕೆಂದರೆ ಆ ನಳಿಗೆಯೇ ಮೆಮೊರಿಯಾಗಿತ್ತು: ಎಲೆಕ್ಟ್ರಾನ್ ಕಿರಣ ಒಮ್ಮೆ ಎಳೆದ ಗೆರೆ ಅಳಿಸುವವರೆಗೂ ಗಾಜಿನ ಮೇಲೆ ಬೆಳಗುತ್ತಲೇ ಇರುತ್ತಿತ್ತು. ಎರಡು ವರ್ಷಗಳ ಅನಂತರ ಬಂದ 4014ರ ಹತ್ತೊಂಬತ್ತು ಇಂಚಿನ ಪರದೆ ಇಂದಿಗೂ ನಾಚಿಸುವಷ್ಟು ಸೂಕ್ಷ್ಮವಾದ ನಕ್ಷೆಗಳನ್ನು ಬಿಡಿಸುತ್ತಿತ್ತು. ಆದರೆ ಅಲ್ಲಿ ಒಂದು ಗೆರೆಯನ್ನಷ್ಟೇ ಅಳಿಸುವ ದಾರಿ ಇರಲಿಲ್ಲ. ಅಳಿಸಿದರೆ ಇಡೀ ಪರದೆ ಒಮ್ಮೆ ಹಸಿರಾಗಿ ಮಿಂಚಿ ಖಾಲಿಯಾಗುತ್ತಿತ್ತು, ಮತ್ತೆ ಮೊದಲಿನಿಂದ ಬರೆಸಬೇಕಾಗುತ್ತಿತ್ತು. ಬಣ್ಣದ ಪ್ರಶ್ನೆಯಂತೂ ಏಳುವಂತಿರಲಿಲ್ಲ.

ಆ ನಳಿಗೆಗಳು ಹೋದರೂ ಅವುಗಳ ಭಾಷೆ ಉಳಿಯಿತು, ನನ್ನ ಟರ್ಮಿನಲ್ಲಿಗೂ ಅದು ಬರುತ್ತದೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಡ್ಡ ದೂರ 500, ಮೇಲಿನ ದೂರ 300 ಆಗಿರುವ ಬಿಂದುವಿಗೆ ಗೆರೆ ಎಳೆಯಬೇಕೆಂದರೆ ಕಂಪ್ಯೂಟರ್ ಕಳಿಸುವುದು ನಾಲ್ಕೇ ಅಕ್ಷರಗಳನ್ನು: ಮುಚ್ಚುವ ಆವರಣ ಚಿಹ್ನೆ, ಸಣ್ಣ ಎಲ್, ಓರೆಗೆರೆ, ದೊಡ್ಡ ಟಿ. ಮುನ್ನೂರು ಎಂದರೆ ಒಂಬತ್ತು ಮೂವತ್ತೆರಡುಗಳು ಮತ್ತು ಹನ್ನೆರಡು. ಒಂಬತ್ತಕ್ಕೆ 32 ಕೂಡಿಸಿದರೆ 41, ಅದು ಆವರಣ ಚಿಹ್ನೆಯ ಸಂಕೇತ. ಹನ್ನೆರಡಕ್ಕೆ 96 ಕೂಡಿಸಿದರೆ 108, ಅದು ಸಣ್ಣ ಎಲ್. ಐನೂರನ್ನೂ ಹೀಗೆಯೇ ಒಡೆಯುತ್ತಾರೆ, ಆದರೆ ಕೊನೆಯ ತುಂಡಿಗೆ ಕೂಡಿಸುವುದು 64. ಅಕ್ಷರವೊಂದರ ಏಳು ಬಿಟ್‌ಗಳಲ್ಲಿ ಐದು ಬೆಲೆಯನ್ನು ಹೊರುತ್ತವೆ, ಎರಡು ತಾನು ಯಾವ ತುಂಡೆಂದು ಹೇಳುತ್ತವೆ. ಹಿಂದಿನ ಬಿಂದುವಿನಿಂದ ಬದಲಾಗದ ತುಂಡುಗಳನ್ನು ಕಳಿಸದೆ ಬಿಡಬಹುದಾದ್ದರಿಂದ, ಚಿಕ್ಕದೊಂದು ಅಡ್ಡಗೆರೆಗೆ ಕೆಲವೊಮ್ಮೆ ಒಂದೇ ಅಕ್ಷರ ಸಾಕು. ನಾಲ್ಕು ಅಕ್ಷರಗಳಂತೆ ಹಿಡಿದರೂ ಸೆಕೆಂಡಿಗೆ 240 ಗೆರೆಗಳು. ಕಿರಿದಾದ ಬಾಗಿಲಿನಲ್ಲಿ ಮರವನ್ನು ಸಾಗಿಸದೆ ಬೀಜವನ್ನು ಸಾಗಿಸುವ ಲೆಕ್ಕಾಚಾರ ಇದು.

ಈ ಭಾಷೆಯ ಗಟ್ಟಿತನ ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ದೊಡ್ಡ ಆಕೃತಿಯೊಂದಕ್ಕೆ ಬಣ್ಣ ತುಂಬಲು ಹೇಳಿದರೆ ಟರ್ಮಿನಲ್ಲಿಗೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ತಂತಿಯಿಂದ ಬಂದು ಬೀಳುವ ಅಕ್ಷರಗಳು ತುಂಬಿ ತುಳುಕುವ ಹಾಗಾದಾಗ ಅದು ‘ನಿಲ್ಲು’ ಎಂಬ ಸಂಕೇತವನ್ನು ಹಿಂದಕ್ಕೆ ಕಳಿಸುತ್ತದೆ. ನಾನು ಬರೆದ ಪ್ರೋಗ್ರಾಮು ಆ ಸಂಕೇತಕ್ಕೆ ಕಿವಿಗೊಡದೆ ಕಳಿಸುತ್ತಲೇ ಹೋಯಿತು. ಪರದೆಯ ಮೇಲೆ ಅಚ್ಚುಕಟ್ಟಾಗಿ ಬರುತ್ತಿದ್ದ ಜಾಲರಿಯ ನಡುವಿನಿಂದ ಇದ್ದಕ್ಕಿದ್ದಂತೆ ಒಂದು ಗೆರೆ ಮೂಲೆಗೆ ಚಿಮ್ಮಿತು, ಆಮೇಲೆ ಇನ್ನೊಂದು. ಆದರೆ ಪ್ರತಿ ಸಲವೂ ಒಂದೆರಡು ಬಿಂದುಗಳು ಕೆಟ್ಟ ಮೇಲೆ ಚಿತ್ರ ತಾನಾಗಿ ದಾರಿಗೆ ಬರುತ್ತಿತ್ತು, ಏಕೆಂದರೆ ಪ್ರತಿ ಅಕ್ಷರವೂ ತಾನು ಯಾರೆಂದು ಹೇಳಿಕೊಂಡೇ ಬರುತ್ತಿತ್ತಲ್ಲ. ಲಿನಕ್ಸ್ ಬಳಸುವವರ ಎಕ್ಸ್‌ಟರ್ಮ್ ಕಿಟಕಿಯೊಳಗೆ 4014ರ ಅನುಕರಣೆ ಈಗಲೂ ಅಡಗಿ ಕೂತಿದೆ. ಈ ನಾಲ್ಕು ಅಕ್ಷರಗಳ ಆಟವನ್ನು ಅಲ್ಲಿಯೂ ಆಡಿ ನೋಡಬಹುದು.

ಉಪಾಯದ ಎರಡನೆಯ ಅರ್ಧಕ್ಕೆ ಮೆಮೊರಿ ಅಗ್ಗವಾಗಬೇಕಿತ್ತು. ಬಣ್ಣ ಬೇಕು, ಬೇಕಾದ ಭಾಗವನ್ನಷ್ಟೇ ಅಳಿಸುವ ಸೌಲಭ್ಯ ಬೇಕು ಎಂದರೆ ಪರದೆಯ ಒಂದೊಂದು ಬಿಂದುವಿನ ಲೆಕ್ಕವನ್ನೂ ಎಲ್ಲಾದರೂ ಇಟ್ಟಿರಬೇಕು. 1973ರಲ್ಲಿ ಜೆರಾಕ್ಸ್‌ನ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಿಚರ್ಡ್ ಶೂಪ್ ಕಟ್ಟಿದ ‘ಸೂಪರ್‌ಪೇಂಟ್’ ವ್ಯವಸ್ಥೆ 640ಕ್ಕೆ 480 ಬಿಂದುಗಳನ್ನು ಎಂಟೆಂಟು ಬಿಟ್‌ಗಳಲ್ಲಿ ಹಿಡಿದಿಟ್ಟಿತ್ತು, ಅದೂ ಬಿಟ್‌ಗಳನ್ನು ಸದಾ ಸಾಲಿನಲ್ಲಿ ಸುತ್ತಿಸುತ್ತಿರುವ ಶಿಫ್ಟ್ ರಿಜಿಸ್ಟರ್‌ಗಳಲ್ಲಿ. ಮರುವರ್ಷ ಇವಾನ್ಸ್ ಅಂಡ್ ಸದರ್ಲೆಂಡ್ ಕಂಪನಿ ಮಾರಾಟಕ್ಕೆಂದೇ ಫ್ರೇಮ್ ಬಫರ್ ಒಂದನ್ನು, ಅಂದರೆ ಪರದೆಯ ಚಿತ್ರವನ್ನು ಹಿಡಿದಿಡುವ ಮೆಮೊರಿಯ ಪೆಟ್ಟಿಗೆಯನ್ನು ತಂದಿತು. 512ಕ್ಕೆ 512 ಬಿಂದುಗಳ ಆ ಪೆಟ್ಟಿಗೆಗೆ ಸುಮಾರು 15,000 ಡಾಲರ್ ಬೆಲೆಯಿತ್ತು. ನನ್ನ ಟರ್ಮಿನಲ್ಲಿನ ಪರದೆಯನ್ನು 16 ಕಿಲೋಬಿಟ್‌ನ ಚಿಪ್‌ಗಳಲ್ಲಿ ಕಟ್ಟಿದ್ದರೆ 640 ಚಿಪ್‌ಗಳು ಬೇಕಾಗುತ್ತಿದ್ದವು. 64 ಕಿಲೋಬಿಟ್‌ನ ಚಿಪ್ ಬಂದ ಮೇಲೆ ಅದು 160ಕ್ಕೆ ಇಳಿಯಿತು. ನೂರರವತ್ತು ಚಿಪ್‌ಗಳನ್ನು ಕೆಲವು ಬೋರ್ಡುಗಳ ಮೇಲೆ ಕೂರಿಸಬಹುದು, ಕೂರಿಸಿ ಮಾರಲೂಬಹುದು. ಆ ಕಾಲದಲ್ಲೇ ಟೆಕ್ಟ್ರಾನಿಕ್ಸ್ ತನ್ನ 4115ಬಿ ಮಾದರಿಯಲ್ಲಿ ಇಷ್ಟೇ ಬಿಂದುಗಳನ್ನು ಸೆಕೆಂಡಿಗೆ 60 ಸಲ ಪೂರ್ತಿಯಾಗಿ ಬೆಳಗಿಸುತ್ತಿತ್ತು. ನನ್ನದು ಅಷ್ಟು ಸಿರಿವಂತ ಮನೆತನದ್ದಲ್ಲ; ಬೆಸ ಸಾಲುಗಳನ್ನು ಒಮ್ಮೆ, ಸರಿ ಸಾಲುಗಳನ್ನು ಇನ್ನೊಮ್ಮೆ ಎಳೆಯುವುದರಿಂದ ಇಡೀ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಮೂಡುತ್ತದೆ. ಒಂದೇ ಬಿಂದು ದಪ್ಪದ ಅಡ್ಡಗೆರೆ ಎಳೆದರೆ ಅದು ಗಾಳಿಗೆ ಸಿಕ್ಕ ದೀಪದಂತೆ ನಡುಗುತ್ತದೆ, ಅದನ್ನೇ ತುಸು ಓರೆಯಾಗಿಸಿದರೆ ಶಾಂತವಾಗುತ್ತದೆ.

ಇನ್ನು ಬಣ್ಣದ ಮಾತು. ಈ ಯಂತ್ರದ ಚಿತ್ರಮೆಮೊರಿಯಲ್ಲಿ ಬಣ್ಣ ಇಲ್ಲವೇ ಇಲ್ಲ. ಅಲ್ಲಿರುವುದು ಬಿಂದುವಿಗೊಂದು ಸಂಖ್ಯೆ, 0ಯಿಂದ 255ರವರೆಗೆ. ಬೇರೊಂದು ಕಡೆ 256 ಸಾಲುಗಳ ಒಂದು ಕೋಷ್ಟಕವಿದೆ. ಯಾವ ಸಂಖ್ಯೆಗೆ ಎಷ್ಟು ಕೆಂಪು, ಎಷ್ಟು ಹಸಿರು, ಎಷ್ಟು ನೀಲಿ ಎಂದು ಅದರಲ್ಲಿ ಬರೆದಿದೆ. ಕಿರಣವು ಬಿಂದುವನ್ನು ಮುಟ್ಟುವ ಕ್ಷಣದಲ್ಲಿ, ಮೆಮೊರಿಯಿಂದ ಹೊರಟ ಸಂಖ್ಯೆ ಈ ಕೋಷ್ಟಕವನ್ನು ಹಾಯ್ದು ಬಣ್ಣವಾಗಿ ಹೊರಬೀಳುತ್ತದೆ. ಚಿತ್ರ ಮುಗಿದ ಎಷ್ಟೋ ಹೊತ್ತಿನ ಮೇಲೂ ಬಣ್ಣವನ್ನು ತೀರ್ಮಾನಿಸಬಹುದು, ತೀರ್ಮಾನವನ್ನು ಬದಲಿಸಬಹುದು. ಕೋಷ್ಟಕವನ್ನು ಪೂರ್ತಿ ಬದಲಿಸಲು ಸಾಲಿಗೆ ಹನ್ನೆರಡು ಅಕ್ಷರಗಳಂತೆ ಮೂರು ಸೆಕೆಂಡುಗಳಷ್ಟು ಸಾಕು, ಚಿತ್ರವನ್ನು ಮುಟ್ಟಬೇಕಾಗಿಲ್ಲ. ಬಡ ತಂತಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಆ ಎಂಟು ಬಿಟ್‌ಗಳನ್ನು ಒಂದೇ ಸಂಖ್ಯೆ ಎಂದುಕೊಳ್ಳದೆ, ಒಂದರ ಮೇಲೊಂದು ಇಟ್ಟ ಎಂಟು ಪಾರದರ್ಶಕ ಹಾಳೆಗಳು ಎಂದುಕೊಂಡರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಈ ಹಾಳೆಗಳಿಗೆ ಬಿಟ್ ಪ್ಲೇನ್ ಎಂದು ಹೆಸರು. ಇವುಗಳ ಮಹತ್ವ ಯಾರಿಗಿಂತ ಚೆನ್ನಾಗಿ ತಿಳಿದಿದ್ದದ್ದು ಚಿಪ್ ವಿನ್ಯಾಸ ಮಾಡುವವರಿಗೆ ಎಂದು ನನಗೆ ಅನಿಸುತ್ತದೆ. ಚಿಪ್ ವಿನ್ಯಾಸದ ತಜ್ಞರಾದ ಕಾರ್ವರ್ ಮೀಡ್ ಮತ್ತು ಲಿನ್ ಕಾನ್ವೇ 1980ರ ಹೊತ್ತಿಗೆ ರೂಢಿಗೆ ತಂದ ಪದ್ಧತಿಯಲ್ಲಿ ಚಿಪ್ಪನ್ನು ಕಟ್ಟುವ ವಸ್ತುಪದರಗಳಲ್ಲಿ ಡಿಫ್ಯೂಷನ್ ಎಂಬುದು ಹಸಿರು, ಪಾಲಿಸಿಲಿಕಾನ್ ಎಂಬುದು ಕೆಂಪು, ಲೋಹ ನೀಲಿ. ಹಸಿರಿನ ಮೇಲೆ ಕೆಂಪು ಹಾಯ್ದರೆ ಅಲ್ಲಿ ಒಂದು ಟ್ರಾನ್ಸಿಸ್ಟರ್ ಹುಟ್ಟುತ್ತದೆ. ಡಿಫ್ಯೂಷನ್ನಿಗೆ 1, ಪಾಲಿಸಿಲಿಕಾನಿಗೆ 2, ಲೋಹಕ್ಕೆ 4 ಬೆಲೆಯ ಹಾಳೆಗಳನ್ನು ಕೊಟ್ಟರೆ, ಮೊದಲ ಎರಡು ಪದರಗಳು ಒಂದನ್ನೊಂದು ದಾಟುವ ಜಾಗದಲ್ಲಿ ಯಾರೂ ಬರೆಯದೆಯೇ 3 ಎಂಬ ಸಂಖ್ಯೆ ಮೂಡುತ್ತದೆ. ಕೋಷ್ಟಕದಲ್ಲಿ 3ರ ಸಾಲಿಗೆ ಎದ್ದು ಕಾಣುವ ಒಂದು ಬಣ್ಣ ಕೊಟ್ಟರೆ ಪರದೆಯ ಮೇಲಿನ ಟ್ರಾನ್ಸಿಸ್ಟರ್‌ಗಳೆಲ್ಲ ಒಟ್ಟಿಗೆ ಬೆಳಗುತ್ತವೆ, ಬೇಕೆಂದು ಇಟ್ಟವೂ, ಕೈತಪ್ಪಿ ಹುಟ್ಟಿದವೂ. ಲೋಹದ ತಂತಿಯೊಂದನ್ನು ಅಳಿಸಬೇಕೆಂದರೆ ಅದರ ಹಾಳೆಯನ್ನಷ್ಟೇ ಒರೆಸಿದರಾಯಿತು, ಕೆಳಗಿನದು ಹಾಗೆಯೇ ಇರುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದ ‘ಮ್ಯಾಜಿಕ್’ ಎಂಬ ಚಿಪ್ ವಿನ್ಯಾಸದ ತಂತ್ರಾಂಶ ಎಇಡಿ 512 ಎಂಬ ಬಣ್ಣದ ಟರ್ಮಿನಲ್ಲಿನಂಥ ಪರದೆಗಳ ಮೇಲೆ ಓಡುತ್ತಿದ್ದ ಕಾಲದಲ್ಲಿ ಬಳಸುವವರ ಮುಂದೆ ಎರಡು ಪರದೆಗಳು ಇರುತ್ತಿದ್ದವು: ಆಜ್ಞೆಗಳನ್ನು ಬೆರಳಚ್ಚಿಸಲು ಒಂದು ಸಾಧಾರಣ ಟರ್ಮಿನಲ್, ಪಕ್ಕದಲ್ಲಿ ಈ ಬಣ್ಣದ ಹಾಳೆಗಳ ಪರದೆ. ಅಲ್ಲಿ ಬಣ್ಣ ಅಲಂಕಾರವಾಗಿರಲಿಲ್ಲ, ಒಂದೇ ಜಾಗದ ಬಗ್ಗೆ ಎಂಟು ಮಾತುಗಳನ್ನು ಒಟ್ಟಿಗೆ ಹೇಳುವ ವ್ಯಾಕರಣವಾಗಿತ್ತು. ಬಿಂದುವಿಗೆ ಇಪ್ಪತ್ತನಾಲ್ಕು ಬಿಟ್‌ಗಳನ್ನು ಲೆಕ್ಕವಿಲ್ಲದೆ ಸುರಿಯುವ ಇಂದಿನ ಪರದೆಗಳಲ್ಲಿ ಆ ವ್ಯಾಕರಣ ಕಳೆದುಹೋಗಿದೆ ಎಂಬ ಕೊರಗು ನನಗಿದೆ. ಛಾಯಾಚಿತ್ರಗಳನ್ನು ನೋಡಲು ಕುಳಿತಾಗ ಮಾತ್ರ ಆ ಕೊರಗು ಇರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಈಗ ಅರವತ್ತನಾಲ್ಕು ಗೆರೆಗಳ ಬಳಿಗೆ ಬರುತ್ತೇನೆ. ಮೊದಲಿಗೆ ನಾನು ಚಿತ್ರನಳಿಗೆಯನ್ನೇ ಅನುಮಾನಿಸಿದ್ದೆ, ಅದು ತಪ್ಪು ಅನುಮಾನ. ಕಪ್ಪು ಹಿನ್ನೆಲೆಯ ಮೇಲೆ ಎದ್ದು ಕಾಣುತ್ತಿದ್ದ ಗೆರೆಗಳು ಬಿಳಿಯ ಚೌಕವೊಂದನ್ನು ಬರೆಸಿದೊಡನೆ ಅದರೊಳಗೆ ಮಾಯವಾಗಿ, ಚೌಕದ ಕೆಳಗೆ ಮತ್ತೆ ಮುಂದುವರಿಯುತ್ತಿದ್ದವು. ನಳಿಗೆಯ ದೋಷಕ್ಕೆ ಇಂಥ ವಿವೇಕ ಇರುವುದಿಲ್ಲ. ಕಾಗದದ ಪಟ್ಟಿಯ ಎಣಿಕೆ ಮುಗಿದಾಗ ವಿಷಯ ಸ್ಪಷ್ಟವಾಯಿತು: 1280ನ್ನು 64ರಿಂದ ಭಾಗಿಸಿದರೆ 20, ಪರದೆಯ 13,10,720 ಬಿಂದುಗಳನ್ನು 20ರಿಂದ ಭಾಗಿಸಿದರೆ ಸರಿಯಾಗಿ 65,536, ಅಂದರೆ ಒಂದು ಚಿಪ್ಪಿನಲ್ಲಿ ಹಿಡಿಸುವಷ್ಟು ಬಿಟ್‌ಗಳು. ಹಾಳೆಗೆ ಇಪ್ಪತ್ತು ಚಿಪ್‌ಗಳು. ಕಿರಣ ಒಂದು ಬಿಂದುವಿನಲ್ಲಿ ನಿಲ್ಲುವುದು ಸುಮಾರು 20 ನ್ಯಾನೊಸೆಕೆಂಡು. ಆ ಕಾಲದ ಚಿಪ್ ಒಮ್ಮೆ ಓದಿಸಿಕೊಂಡು ಮತ್ತೆ ಸಿದ್ಧವಾಗಲು ಅದರ ಹತ್ತಾರು ಪಟ್ಟು ಹೊತ್ತು ಬೇಕು. ಆದ್ದರಿಂದ ಇಪ್ಪತ್ತು ಚಿಪ್‌ಗಳನ್ನು ಒಟ್ಟಿಗೆ ಓದಿ, ಬಂದ ಇಪ್ಪತ್ತು ಬಿಟ್‌ಗಳನ್ನು ಸಾಲಾಗಿ ಹೊರಗೆ ತಳ್ಳುತ್ತಾರೆ. ಸಾಲಿನಲ್ಲಿ ಪ್ರತಿ ಇಪ್ಪತ್ತನೆಯ ಬಿಂದು ಒಂದೇ ಚಿಪ್ಪಿನದು. ಅವುಗಳಲ್ಲಿ ಒಂದು ಚಿಪ್ ಸತ್ತು, ಕೇಳಿದಾಗಲೆಲ್ಲ ‘ಒಂದು’ ಎಂದೇ ಉತ್ತರಿಸುತ್ತಿತ್ತು. ಎಲ್ಲ ಬಿಟ್‌ಗಳೂ ಒಂದಾಗಿರುವ ಬಿಳಿಯಲ್ಲಿ ಅದರ ಸುಳ್ಳು ನಿಜವಾಗಿಬಿಡುತ್ತಿತ್ತು.

ಯಾವ ಹಾಳೆ ಎಂದು ಹುಡುಕಲು ಕೋಷ್ಟಕವೇ ನೆರವಾಯಿತು. ಒಂದು ಹಾಳೆಯ ಬಿಟ್ ಇರುವ 128 ಸಂಖ್ಯೆಗಳಿಗೆಲ್ಲ ಬಿಳಿ, ಉಳಿದವಕ್ಕೆ ಕಪ್ಪು ಕೊಟ್ಟರೆ ಪರದೆಯ ಮೇಲೆ ಆ ಹಾಳೆಯೊಂದೇ ಉಳಿಯುತ್ತದೆ. ಹೀಗೆ ಎಂಟು ಕೋಷ್ಟಕಗಳನ್ನು ಬರೆದಿಟ್ಟುಕೊಂಡು ಒಂದಾದ ಮೇಲೊಂದು ಕಳಿಸಿದೆ. ಐದು ಸಲ ಪರದೆ ಕಪ್ಪಾಗಿಯೇ ಉಳಿಯಿತು. ಆರನೆಯದನ್ನು, ಅಂದರೆ 32ರ ಬೆಲೆಯ ಹಾಳೆಯನ್ನು ಕಳಿಸಿದಾಗ ಅರವತ್ತನಾಲ್ಕು ಗೆರೆಗಳೂ ಬೆಳ್ಳಗೆ ನಿಂತವು.

ಬಣ್ಣಗಳನ್ನು ಬರೆಯುವಾಗ ನಡೆದ ಒಂದು ಪ್ರಸಂಗವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಯಂತ್ರಕ್ಕೆ ಬಣ್ಣವನ್ನು ವರ್ಣ, ಬೆಳಕು, ಗಾಢತೆ ಎಂಬ ಮೂರು ಅಂಕಿಗಳಲ್ಲೂ ಹೇಳಬಹುದು. ವರ್ಣಕ್ಕೆ ಒಂದು ಚಕ್ರದ ಮೇಲಿನ ಕೋನ. ಇಂದಿನ ತಂತ್ರಾಂಶಗಳ ರೂಢಿಯಂತೆ ಹಸಿರಿಗೆಂದು 120 ಡಿಗ್ರಿ ಕೊಟ್ಟೆ, ಅಚ್ಚ ಕೆಂಪು ಬಂತು. ಕೆಂಪು ಮತ್ತು ಹಸಿರಿನ ಕೇಬಲ್‌ಗಳು ಅದಲುಬದಲಾಗಿವೆ ಎಂದುಕೊಂಡು ಹಿಂಬದಿಗೆ ಹೋಗಿ ಅವನ್ನು ಬದಲಿಸಿ ಬಂದೆ, ಆಗ ಎಲ್ಲವೂ ನಿಜವಾಗಿಯೂ ತಪ್ಪಾಯಿತು. ಟೆಕ್ಟ್ರಾನಿಕ್ಸ್ ಚಕ್ರದಲ್ಲಿ ಸೊನ್ನೆ ಇರುವುದು ನೀಲಿಯಲ್ಲಿ, 120 ಕೆಂಪಿನಲ್ಲಿ, 240 ಹಸಿರಿನಲ್ಲಿ. ನನ್ನ ಟರ್ಮಿನಲ್ಲೂ ಅದನ್ನೇ ಅನುಸರಿಸುತ್ತದೆ. ಡೆಕ್ (ಡಿಜಿಟಲ್ ಎಕ್ವಿಪ್‌ಮೆಂಟ್) ಎಂಬ ಕಂಪ್ಯೂಟರ್ ಕಂಪನಿಯ ಟರ್ಮಿನಲ್‌ಗಳೂ ಈ ಚಕ್ರವನ್ನೇ ಎತ್ತಿಕೊಂಡಿದ್ದವು.

ರೋಗ ಗೊತ್ತಾದ ಮೇಲೆ ನಾನು ತಕ್ಷಣ ಬೆಸುಗೆಯ ಕಡ್ಡಿ ಹಿಡಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜವಾಗಿ ಮಾಡಿದ್ದು ಬೇರೆ. ಆರನೆಯ ಹಾಳೆಯ ಮಾತಿಗೆ ಬೆಲೆಯೇ ಇಲ್ಲದಂತೆ, 32ಕ್ಕೆ 0ಯ ಬಣ್ಣ, 33ಕ್ಕೆ 1ರ ಬಣ್ಣ ಎಂಬ ಹಾಗೆ ಕೋಷ್ಟಕವನ್ನು ಜೋಡಿಸಿದೆ. ಬಣ್ಣಗಳು 128ಕ್ಕೆ ಇಳಿದವು, ಗೆರೆಗಳು ಪೂರ್ತಿಯಾಗಿ ಅಡಗಿದವು. ಒಂದು ತಿಂಗಳು ಹಾಗೆಯೇ ಬಳಸಿದೆ. ಅಡಗಿಸಿದ ರೋಗ ವಾಸಿಯಾದಂತೆಯೇ ಕಾಣುತ್ತದೆ, ಅದರಲ್ಲೂ 128 ಬಣ್ಣಗಳು ಸಾಕಷ್ಟು ಎನಿಸುವವನಿಗೆ.

ಕೊನೆಗೊಂದು ದಿನ ಬೋರ್ಡನ್ನು ಹೊರಗೆಳೆದು, ವಿಸ್ತರಣೆಯ ಚೌಕಟ್ಟಿನ ಮೇಲೆ ನಿಲ್ಲಿಸಿ, ಒಂದೊಂದು ಚಿಪ್ಪಿನ ಹೊರದಾರಿಯ ಕಾಲಿಗೂ ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಮೊನೆ ತಾಗಿಸಿದೆ. ಹತ್ತೊಂಬತ್ತು ಚಿತ್ರದೊಂದಿಗೆ ಮಿಡಿಯುತ್ತಿದ್ದವು, ಒಂದು ಮೇಲೆ ಕೂತದ್ದು ಇಳಿಯುತ್ತಲೇ ಇರಲಿಲ್ಲ. ಹದಿನಾರು ಕಾಲಿನ ಆ ಚಿಪ್ಪನ್ನು ಬಿಡಿಸುವಾಗ ಬೋರ್ಡಿನ ತಾಮ್ರವನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಅದರ ಕಾಲುಗಳನ್ನೆಲ್ಲ ಮೊದಲೇ ಕತ್ತರಿಸಿ, ದೇಹವನ್ನು ತೆಗೆದು, ಉಳಿದ ತುಂಡುಗಳನ್ನು ಒಂದೊಂದಾಗಿ ಬಿಸಿಮಾಡಿ ಎಳೆದೆ. ಖಾಲಿ ಜಾಗಕ್ಕೆ ಸಾಕೆಟ್ ಬೆಸೆದು ಹೊಸ ಚಿಪ್ ಕೂರಿಸಿದೆ.

ವಿದ್ಯುತ್ ಕೊಟ್ಟಾಗ ಪರದೆ ಸ್ವಚ್ಛವಾಗಿತ್ತು. ಒಂದು ನಿಮಿಷ ಬಹಳ ಸಂತೋಷಪಟ್ಟೆ, ಆಮೇಲೆ ನೆನಪಾಯಿತು: ಟರ್ಮಿನಲ್ ಹೊತ್ತಿಕೊಂಡೊಡನೆ ನನ್ನ ಪ್ರೋಗ್ರಾಮು ತಿಂಗಳಿಂದ ರೂಢಿಯಾದ ಆ ಗೆರೆ ಅಡಗಿಸುವ ಕೋಷ್ಟಕವನ್ನೇ ಕಳಿಸಿತ್ತು. ಚಿಪ್ ಸರಿಯಾಗಿದ್ದರೂ ಹಾಗೆಯೇ ಕಾಣುತ್ತಿತ್ತು, ಕೆಟ್ಟಿದ್ದರೂ ಹಾಗೆಯೇ. ಆರನೆಯ ಹಾಳೆಯ ಕಪ್ಪುಬಿಳುಪಿನ ಕೋಷ್ಟಕವನ್ನು ಕಳಿಸಿದೆ. ಪರದೆ ಪೂರ್ತಿ ಕಪ್ಪಾಯಿತು, ಒಂದೂ ಗೆರೆ ಇರಲಿಲ್ಲ. ಹೊಸ ಚಿಪ್ ಸದಾ ‘ಸೊನ್ನೆ’ ಎನ್ನುವ ಜಾತಿಯದಿರಬಹುದಲ್ಲ ಎಂದು, ಮೊದಲು ಗೆರೆ ನಿಂತಿದ್ದ ಜಾಗಗಳಲ್ಲೊಂದನ್ನು ಕಾಗದದ ಪಟ್ಟಿಯಲ್ಲಿ ನೋಡಿಕೊಂಡು, ಅಲ್ಲಿ 32ರ ಸಂಖ್ಯೆಯಲ್ಲಿ ಒಂದು ಲಂಬಗೆರೆ ಎಳೆಯಲು ಹೇಳಿದೆ. ಅದು ಬಂತು. ಅಳಿಸಲು ಹೇಳಿದೆ, ಹೋಯಿತು.